ಫೋಟೋಕ್ಕ ಪಗಾರಿಲ್ಲ

ಧಾರಾವಾಹಿಯೊಳಗ ನಾ ಸತ್ತು ಎಂಟು ತಿಂಗಳಾತು.
ಅಪಘಾತ. ಕಾರು ತೋರಿಸಲಿಲ್ಲ, ಖರ್ಚು ಭಾಳಂತ;
ಬ್ರೇಕಿನ ಸಪ್ಪಳ, ಒಂದು ಒಡದ ಬಳಿ, ಅಷ್ಟ.
ಮರುದಿನದಿಂದ ನನ್ನ ಫೋಟೋ ಗ್ವಾಡಿ ಮ್ಯಾಲ,
ಪ್ಲಾಸ್ಟಿಕ್ ಹಾರ, ಕೆಂಪು ಮಿಣಿಮಿಣಿ ದೀಪ.
ಸೊಸಿ ಅದರ ಮುಂದ ನಿಂತು ದಿನಾ ಅಳತಾಳ.

ಬನಹಟ್ಟಿ ಓಣ್ಯಾಗ ಅಂತಾರ,
"ಚೌಡಕ್ಕಾ, ದಿನಾ ಟೀವ್ಯಾಗ ಬರ್ತಿ, ಭಾಳ ಗಳಿಸಿರಬೇಕು ಬಿಡವಾ."
ಫೋಟೋಕ್ಕ ಪಗಾರಿಲ್ಲಂತ ಯಾರಿಗೆ ಹೇಳ್ಲಿ.

ಹುಟ್ಟಿದ್ದು ಮಗ್ಗದ ಮನ್ಯಾಗ.
ನಾಕು ಪಾವರ್‌ಲೂಮು ಖಟಖಟ ಅನ್ನೂವಾಗ
ಉಪ್ಪು ಬೇಕಂದ್ರೂ ಒದರಬೇಕು.
ಮೊದಲ ಪಿಚ್ಚರದಾಗ ಸೌಂಡಿನಾವ ಹೆಡ್‌ಫೋನ್ ಕಿತ್ತು
"ಮೇಡಂ, ನಾನು ಪಕ್ಕದಲ್ಲೇ ಇದೀನಿ" ಅಂದ.
ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಆ ಪಿಚ್ಚರು ನೂರು ದಿನ ಓಡ್ತು.
ನಮ್ಮೋರು ಎರಡು ಟೆಂಪೋ ಮಾಡಿ ಜಮಖಂಡಿ ಟಾಕೀಜಿಗೆ ಹೋದ್ರು.
ಟೈಟಲ್ಲಿನಾಗ ಚೌಡವ್ವ ಹೋಗಿ ಚೈತ್ರಾಶ್ರೀ.
ಪರದೆ ಮ್ಯಾಲ ನಾ ಬಾಯಿ ತೆರದೆ,
ಒಳಗಿಂದ ಯಾವಾಕಿನೋ ಮೈಸೂರಿನಾಕಿ ಮಾತಾಡಿದ್ಲು.
ಅವ್ವ ನನ್ನ ಮಾರಿ ನೋಡಿದ್ಲು, ಮತ್ತ ಪರದೆ ನೋಡಿದ್ಲು.
"ಗಂಟಲು ಕೆಟ್ಟಿತ್ತೇನ?"

ಆಮ್ಯಾಲ ಗಾಳಿ ತಿರುಗಿತು.
ನಮ್ಮ ಕಡೆ ಮಾತಿಗೆ ಸೀಟಿ ಬೀಳಾಕ ಹತ್ತಿದ್ವು.
"ಇನ್ನೂ ಎಳೀರಿ ಮೇಡಂ, ಎರಡು 'ಲೇ' ಹಾಕಿ, ಮಧ್ಯೆ ರೊಟ್ಟಿ ಅನ್ನಿ."
ಎಳದೆ. ಅವ್ವ ಆಯುಷ್ಯದಾಗ ಆಡದ ಬೈಗಳ
ಅವ್ವನ ಸೀರಿ ಉಟ್ಟು ಆಡಿದೆ.
ತಮ್ಮಗ ಎರಡು ಮಗ್ಗ ಕೊಡಿಸಿದೆ.
ಒಂದು ಶುಕ್ರವಾರ ಸೀಟಿ ನಿಂತ್ವು.
ಯಾವ ಶುಕ್ರವಾರಂತ ಇನ್ನೂ ಲೆಕ್ಕ ಹತ್ತವಲ್ದು.

ಮೂವತ್ತಾರಕ್ಕ ತಾಯಿ ಪಾರ್ಟು.
ಮಗ ಆದಾವ ನನಗಿಂತ ನಾಕು ವರ್ಷ ದೊಡ್ಡಾವ;
ಕಾಲು ಬೀಳೂ ಸೀನಿನಾಗ ಅವಗ ಮಣಕಾಲ ಬ್ಯಾನಿ.
ಏಳೂ ಮುಂದ ನನ್ನ ಹೆಗಲ ಹಿಡಕೊಂಡ.
ಅದನ್ನ ಪ್ರೀತಿ ಅಂತ ಇಟಗೊಂಡ್ರು, ಟೇಕ್ ಓಕೆ.

ಮೊನ್ನೆ ಆ ಸೆಟ್ಟು ಬಿಚ್ಚಿದ್ರಂತ.
ಮ್ಯಾನೇಜರ ಪಾಪ ಒಳ್ಳ್ಯಾವ,
ಒಗೆಯೂದು ಬ್ಯಾಡಂತ ಫೋಟೋ ಬಸ್ಸಿಗೆ ಹಾಕಿ ಕಳಿಸ್ಯಾನ,
ಹಾರ ಸಮೇತ.
ಅವ್ವ ಸುತಳಿ ಬಿಚ್ಚಿದ್ಲು, ಹಾರ ಹರದ್ಲು,
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದ್ಲು.
ಘಾಟು ಏಳಲಿಲ್ಲ.
"ನೋಡು, ಎಷ್ಟು ದೃಷ್ಟಿ ಆಗೇತಿ."
ನೋಡವರ ಇಲ್ಲದಾಗ ದೃಷ್ಟಿ ಯಾರದಂತ
ನಾ ಕೇಳಲಿಲ್ಲ.

ಅಷ್ಟ್ರಾಗ ಫೋನು. ಯಾವನೋ ಹೊಸ ಹುಡುಗ.
ಅಜ್ಜಿ ಪಾರ್ಟು, ಆರು ದಿನ.
"ವಾಯ್ಸ್ ನಿಮ್ಮದೇ ಬೇಕು.
ಮನೇಲಿ ಹೇಗೆ ಮಾತಾಡ್ತೀರೋ ಹಾಗೆ,
ಏನಾದ್ರೂ ಹೇಳಿ, ರೆಕಾರ್ಡ್ ಮಾಡ್ಕೋತೀನಿ."
ಮಗ್ಗದ ಸಪ್ಪಳಕ್ಕ ಅವಗ ಏನೂ ಕೇಳಸವಲ್ದು.
ತಮ್ಮ ನನ್ನ ಮಾರಿ ನೋಡಿದ,
ಹೋಗಿ ಮೇನ್ ಸ್ವಿಚ್ಚು ಇಳಿಸಿದ.
ಅರ್ಧ ದಾರ್ಯಾಗ ಲಾಳಿ ನಿಂತಿತು.

ಇಂಥ ಮನ್ಯಾಗ ನಾ ಹೆಂಗ ಮಾತಾಡ್ತೀನಂತ
ನನಗೂ ಗೊತ್ತಿರಲಿಲ್ಲ.
"ಪಗಾರ ಎಷ್ಟಪಾ?" ಅಂದೆ.
ಮೆತ್ತಗ ಬಂತು ದನಿ, ಎಷ್ಟು ಮೆತ್ತಗಂದ್ರ
ಅವ್ವ ಒಲಿ ಮುಂದಿಂದ ಕೇಳಿದ್ಲು,
"ಯಾರ ಬಂದಾರ?"