ಒಂದು ತಲೆ ಕಮ್ಮಿ

ವಲೇಹೊ ಊರಿನ ಇಳಿಜಾರಿನಲ್ಲಿ
ಅಕ್ಕಪಕ್ಕದವುಗಳಂಥದೇ ಒಂದು ಮನೆ.
ಬೋರ್ಡಿಲ್ಲ. ಅಂಚೆಯವನಿಗಷ್ಟೇ ಗೊತ್ತು
ಇಲ್ಲಿಗೆ ಆರು ಹೆಸರಿಗೆ ಕಾಗದ ಬರುತ್ತದೆ ಎಂದು.
ಒಡೆದು ಓದುವವಳು ನಾನೊಬ್ಬಳೇ.

ಆರೇ ಮಂದಿ ಇರತಕ್ಕದ್ದೆಂಬ ಲೈಸೆನ್ಸಿಗೆ
ಕಟ್ಟು ಹಾಕಿಸಿ ಫ್ರಿಜ್ಜಿನ ಮೇಲೆ ತೂಗಿದ್ದಾಳೆ
ಒಡತಿ ಪರ್ಲಿಟಾ.
ನನ್ನ ಹೆಸರು ಮರಿವಿಕ್.
ದಿನಕ್ಕೆ ನಾಲ್ಕು ಹೆಸರಿಗೆ ಓಗೊಡುತ್ತೇನೆ.

ಮುಂಬಾಗಿಲ ತುಂಬ
ಪುಸ್ತಕದ ಕಪಾಟಿನ ಚಿತ್ರ ಅಂಟಿಸಿದ್ದೇವೆ.
ಬಾಗಿಲನ್ನು ಮರೆಮಾಡಿದರೆ
ಬೀದಿಯನ್ನು ಮರೆಯುತ್ತಾರೆಂದು ಲೆಕ್ಕ.
ಐದು ಮಂದಿಗೆ ಅಷ್ಟು ಸಾಕು.
ಆರ್ವಿಲ್ ಮಾತ್ರ ದಿನಾ ಬಂದು ನಿಲ್ಲುತ್ತಾನೆ,
ಚಿತ್ರದ ಪುಸ್ತಕಗಳ ಮೇಲೆ ಹೆಬ್ಬೆರಳು ಎಳೆಯುತ್ತ
ಹಲಗೆಯೂ ಚೌಕಟ್ಟೂ ಕೂಡುವ ಸಂದಿಗೆ ಬಂದು ತಡೆಯುತ್ತಾನೆ.
ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ
ಜಲಾಂತರ್ಗಾಮಿಗಳಿಗೆ ಬೆಸುಗೆ ಹಾಕಿದ ಬೆರಳು.
‘ಇದು ನಿಲ್ಲೋ ಬೆಸುಗೆ ಅಲ್ಲ, ಮಗಳೇ.
ಇನ್ನೂರು ಅಡಿ ಇಳಿದರೆ
ನೀನೂ ಇಲ್ಲ, ನಾನೂ ಇಲ್ಲ.’
ನಾನು ಫೋನಿನ ಟಾರ್ಚು ಹಿಡಿಯುತ್ತೇನೆ.
ಮೇಲಿಂದ ಕೆಳಕ್ಕೆ ನೋಡಿ ಮುಗಿಸಿ
ಸಹಿ ಹಾಕಲು ಕಾಗದ ಕೇಳುತ್ತಾನೆ.
ನಮ್ಮ ಕರೆಂಟು ಬಿಲ್ಲುಗಳ ಬೆನ್ನ ಮೇಲೆಲ್ಲ
ಅವನ ಸಹಿ ಇದೆ, ತಾರೀಕು ಮಾತ್ರ ಬೇರೆ ಕಾಲದ್ದು.

ದಿಯೊಲಿಂಡಾ ಮೂರೂವರೆಗೆ ಏಳುತ್ತಾಳೆ.
ಕೆಚ್ಚಲು ಬಿಗಿದು ಹಸುಗಳು ಕೂಗುತ್ತಿವೆಯಂತೆ.
ಹಸುಗಳಿಲ್ಲ ಎಂದಿದ್ದೆ, ಹೊಸತರಲ್ಲಿ.
ಬೆಳಗಿನ ತನಕ ಅತ್ತಳು.
ಈಗ ಹೇಳುತ್ತೇನೆ: ಕರೆದಾಯ್ತು, ಎರಡು ಕ್ಯಾನು ತುಂಬಿತು.
‘ಆ ಒದೆಯೋ ಕೆಂಪಿ?’
ಅದೂ ಸುಮ್ಮನೆ ನಿಂತಿತ್ತು.
‘ಸುಳ್ಳಿ! ಅದು ಸುಮ್ಮನೆ ನಿಲ್ಲೋ ಜಾತಿಯೇ ಅಲ್ಲ’
ಎಂದು ಹೊದಿಕೆಯೊಳಗೇ ನಗುತ್ತಾಳೆ,
ನಗುತ್ತಲೇ ನಿದ್ದೆ ಹೋಗುತ್ತಾಳೆ.
ಸಿಕ್ಕಿಬಿದ್ದವಳು ನಾನು ಎದ್ದೇ ಇರುತ್ತೇನೆ.

ಸಂಜೆ ಆರಕ್ಕೆ ಅನ್ನದ ಪಾತ್ರೆ ಮೇಜಿಗೆ ಬಂದೊಡನೆ
ಅರ್ನೆಸ್ಟೀನ್ ಎದ್ದು ನಿಲ್ಲಬೇಕು.
ಶಾಲೆಯ ಬಸ್ಸು, ನಂಬರು ಹದಿನಾಲ್ಕು,
ಇಪ್ಪತ್ತೇಳು ವರ್ಷ ಓಡಿಸಿದವಳು.
ಬೆರಳಾಡಿಸಿ ಎಣಿಸುತ್ತಾಳೆ, ತುಟಿ ಅಲ್ಲಾಡುತ್ತದೆ.
‘ಒಂದು ತಲೆ ಕಮ್ಮಿ. ಬಸ್ಸು ಎತ್ತೋದಿಲ್ಲ.’
ಮೇಜಿನಡಿ ಬಗ್ಗಿ ನೋಡುತ್ತೇನೆ. ಬಚ್ಚಲು ನೋಡುತ್ತೇನೆ.
ನಾನೇ ಕುರ್ಚಿ ಎಳೆದು ಕೂರುತ್ತೇನೆ: ಒಂದು ಕಮ್ಮಿ.
ಪರ್ಲಿಟಾಳನ್ನು ಕರೆದು ಕೂರಿಸಿದರೂ ಒಂದು ಕಮ್ಮಿ.
ಡಾಕ್ಟರು ಮಾತ್ರೆ ಬದಲಿಸಿದರು: ಕಮ್ಮಿಯೇ.
ಭಾನುವಾರ ಬಂದ ಮಗಳು ಸಿಟ್ಟಾದಳು,
‘ಅಮ್ಮ ಒಂದು ಮಗುವನ್ನೂ ಬಿಟ್ಟು ಬಂದವಳಲ್ಲ,
ಮನೆಯಲ್ಲಿ ಫಲಕವಿದೆ, ಬೇಕಾದರೆ ತರುತ್ತೇನೆ.’
ಆಗಲಿ ಎಂದೆ. ತರಲಿಲ್ಲ.
ಅನ್ನ ಆರುತ್ತದೆ. ಕಾಯುತ್ತೇವೆ.
ಯಾರಿಗಾಗಿ ಎಂಬುದನ್ನು ಅವಳು ಮರೆತ ಮೇಲೆ
ಬಡಿಸುತ್ತೇನೆ.

ಫೆಬ್ರವರಿಯ ಒಂದು ಮಂಗಳವಾರ
ಬೆಳಕು ಹರಿಯುವ ಮೊದಲು ಆರ್ವಿಲ್ ಹೋದ.
ಟೀವಿಯ ಸದ್ದು ಹೆಚ್ಚಿಸಿ
ಉಳಿದವರ ಕೋಣೆ ಮುಚ್ಚಿದೆವು.
ಇಬ್ಬರು ಬಂದರು, ಬೂಟಿಗೆ ನೀಲಿ ಚೀಲ ತೊಟ್ಟು.
ಪುಸ್ತಕದ ಕಪಾಟು ನಡುವೆ ತೆರೆಯಿತು,
ಅವನು ಅದರೊಳಗಿಂದ ಹಾದು ಹೋದ,
ತಪಾಸಣೆ ಮಾಡದೆ.

ಆ ಸಂಜೆ ಕೋಳಿ ಅಡೋಬೊ ಮಾಡಿದ್ದೆ.
ಅರ್ನೆಸ್ಟೀನ್ ಎದ್ದಳು. ಎದೆ ಹೊಡೆದುಕೊಳ್ಳುತ್ತಿತ್ತು ನನಗೆ.
ಎಣಿಸಿದಳು.
ಮತ್ತೆ ಎಣಿಸಿದಳು.
‘ಸರಿ. ಎಲ್ಲ ಹತ್ತಿದ್ದಾರೆ.’
ಕೂತು ಉಪ್ಪು ಕೇಳಿದಳು.
ನಾನು ಮೇಜಿನಡಿ ಬಗ್ಗಿ ನೋಡಿದೆ, ಯಾರೂ ಹೇಳದೆ.
ಬುಧವಾರವೂ ಎಲ್ಲ ಹತ್ತಿದ್ದರು.
ಗುರುವಾರವೂ. ಶುಕ್ರವಾರವೂ.
ತುತ್ತು ಇಳಿಯುತ್ತಿರಲಿಲ್ಲ ನನಗೆ.
ಪರ್ಲಿಟಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು:
ಕಿಟಕಿ ಪಕ್ಕದ ಹಾಸಿಗೆ, ಬೆಳಗಿನ ಬಿಸಿಲು ಬೀಳುತ್ತೆ.

ಶನಿವಾರ ಹೊಸಬ ಬಂದ.
ಗಡಿಯಾರ ರಿಪೇರಿಯವನಂತೆ, ಹೆಸರು ಹಾರಿಸನ್ ಲ್ಯೂ.
ಬಂದವನೇ ಬಾಗಿಲ ಮುಂದೆ ನಿಂತು
ಎರಡನೇ ಸಾಲಿನಿಂದ ಒಂದು ಪುಸ್ತಕ
ಎಳೆಯಲು ನೋಡಿದ. ಬರಲಿಲ್ಲ.
ಬಹಳ ಹೊತ್ತು ಎಳೆಯುತ್ತಲೇ ಇದ್ದ.

ಸಂಜೆ ಆರು. ಅನ್ನ. ಅರ್ನೆಸ್ಟೀನಳ ಬೆರಳು
ಹೊಸಬನ ಮೇಲೂ ಹಾದು, ನನ್ನ ಮೇಲೆ ನಿಂತು,
ಕೆಳಗಿಳಿಯಿತು.
‘ಒಂದು ತಲೆ ಕಮ್ಮಿ.’

ಅಬ್ಬ, ಎಂದುಕೊಂಡು ಎದ್ದೆ,
ಬಚ್ಚಲಿನ ದೀಪ ಹಾಕಿದೆ, ಪರದೆ ಸರಿಸಿದೆ.
ಬಸ್ಸು ಇನ್ನೂ ಹೊರಟಿಲ್ಲ.