ಸುಲೈಮಾನಿ

ಅಲ್ ಖರ್ಜ್. ಹೊರಗೆ ನಲವತ್ತೆಂಟು ಡಿಗ್ರಿ,
ಶೆಡ್ಡಿನೊಳಗೆ ಮಂಜು ಉಗುಳುವ ಫ್ಯಾನು.
ನಮ್ಮ ರೂಮಿಗಿಂತ ಹಸುಗಳಿಗೇ ತಂಪು ಗಾಳಿ ಎಂದು
ಮೊದಲ ವರ್ಷ ನಗುತ್ತಿದ್ದೆವು, ನಾನೂ ಮಫಿಜುಲನೂ.

ನನ್ನದು ರಾತ್ರಿ ಪಾಳಿ, ಈಯುವ ಹಸುಗಳ ಕಡೆ.
ಕರು ಬಿದ್ದೊಡನೆ ಮೂಗು ಒರೆಸಬೇಕು,
ತಾಯಿ ನೆಕ್ಕಿ ಮುಗಿಸುವುದರೊಳಗೆ
ಕೈಗಾಡಿಗೆ ಹಾಕಬೇಕು.
ಹೆಣ್ಣಾದರೆ ಎಡಕ್ಕೆ, ಬಿಳಿ ಗೂಡಿಗೆ.
ಗಂಡಾದರೆ ಗೇಟಿನ ಹತ್ತಿರದ ಲಾರಿಗೆ.
ಆ ಲಾರಿ ಎಲ್ಲಿಗೆಂದು ಯಾರೂ ಕೇಳುವುದಿಲ್ಲ;
ನಾನೂ ಕೇಳಿರಲಿಲ್ಲ.

ಭಾಲ್ಕಿಯಲ್ಲಿ ಅವ್ವ ಗಿಣ್ಣ ಕಾಸಿ
ಬೆಲ್ಲ, ಏಲಕ್ಕಿ ಹಾಕಿ ಏಳು ಮನೆಗೆ ಹಂಚುತ್ತಿದ್ದಳು.
ಕರುವಿಗೆಷ್ಟು ಉಳಿಯಿತೆಂದು
ಬಾಯಲ್ಲಿ ಗಿಣ್ಣ ಇಟ್ಟುಕೊಂಡು ಯಾರು ಕೇಳಿಯಾರು?
ಪಾಪವನ್ನೆಲ್ಲ ಮಷೀನಿನ ಮೇಲೆ ಹೊರಿಸಲಾರೆ.

ಕಿವಿಯ ಹಳದಿ ಬಿಲ್ಲೆಯಲ್ಲಿ ೪೪೧೭. ನಾಲ್ಕನೇ ಸೂಲು.
ಮೊದಲ ಮೂರು ಸಲ
ಕೊರಳು ಬಿದ್ದುಹೋಗುವಷ್ಟು ಕೂಗಿತ್ತು.
ಈ ಸಲ ಕೂಗಲಿಲ್ಲ. ನೆಕ್ಕಲೂ ಇಲ್ಲ.
ಗಾಡಿಯ ಗಾಲಿ ಕಿರ್ರೆಂದದ್ದು ಕೇಳಿ
ತಾನೇ ಎರಡು ಹೆಜ್ಜೆ ಹಿಂದೆ ಸರಿದು
ನನಗೆ ದಾರಿ ಬಿಟ್ಟಿತು.

ತಳ್ಳಿಕೊಂಡು ಹೋಗುವಾಗ
ಕರು ನನ್ನ ಹೆಬ್ಬೆರಳು ಚೀಪುತ್ತಿತ್ತು.

ಬೆಳಿಗ್ಗೆ ಕ್ಯಾಂಟೀನಿನ ಕುಂಞಾಲಿ
ಕೆನೆ ಕಟ್ಟಿದ ಚಹಾ ಮುಂದಿಟ್ಟ.
ಬೇಡ, ಸುಲೈಮಾನಿ ಕೊಡು ಅಂದೆ.
ಹೊಟ್ಟೆ ಸರಿ ಇಲ್ಲವಾ, ಅಂದ.
ಹೂಂ ಅಂದೆ.

ತಿಂಗಳಾಯಿತು, ಹೊಟ್ಟೆ ಇನ್ನೂ ಸರಿಯಾಗಿಲ್ಲ.
ಸಂಬಳ ಇಪ್ಪತ್ತೇಳಕ್ಕೇ ಬರುತ್ತದೆ,
ಅದೇ ಹಾಲಿನದು.