ನಲವತ್ತೊಂದನೇ ಸೆಕೆಂಡು

ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯದೊಂದು ಕಾಟು.
ಅದರ ಮೇಲೆ ಫ್ಲಾಸ್ಕು, ಒಳಗೆ ಐವತ್ತು ಎಂ.ಎಲ್. ಹೈಪೋ,
ನೋಡಲು ಬಾವಿನೀರು.
ಐದು ಎಂ.ಎಲ್. ಆಸಿಡ್ ಸುರಿ, ಸುರಿದಾಗಲೇ ಗಡಿಯಾರ ಒತ್ತು,
ಬಗ್ಗಿ ಮೇಲಿನಿಂದ ನೋಡು.
ಕಾಟು ಕಾಣದಾದ ಗಳಿಗೆ
ನಿಲ್ಲಿಸು.

ಇಷ್ಟು ಹೇಳುವುದಕ್ಕೆ ನನಗೆ ಸಂಬಳ, ಇಪ್ಪತ್ತಾರು ವರ್ಷದಿಂದ,
ಕಾರವಾರದ ಈ ಲ್ಯಾಬಿನಲ್ಲಿ.
ಇಲ್ಲಿ ಕಿಟಕಿಯ ಕೊಂಡಿಗಳನ್ನು ಕಡಲಗಾಳಿ ತಿಂದು ಮುಗಿಸಿದೆ
(ಅದೂ ಕ್ರಿಯೆಯೇ; ಅದರ ವೇಗ ಅಳೆಯಲು
ಸ್ಟಾಪ್‌ವಾಚ್ ಸಾಲದು, ಕ್ಯಾಲೆಂಡರ್ ಬೇಕು).
ಪುಸ್ತಕದ ಕೋಣೆಗೆ ಇಪ್ಪತ್ತೈದು ಡಿಗ್ರಿ.
ನಮ್ಮ ಕೋಣೆ ಅದನ್ನು ಕಾಣುವುದು
ಡಿಸೆಂಬರಿನ ಒಂದೆರಡು ಬೆಳಗು, ಅದೂ ಎಂಟು ಗಂಟೆಯೊಳಗೆ.

ಮೊದಲು ಏನೂ ಆಗುವುದಿಲ್ಲ.
ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ, ತಪ್ಪು ಬಾಟಲಿಯೇ ಎಂದು.
ಆಮೇಲೆ ಎಲ್ಲಿಂದಲೋ ಒಂದು ನಸುನೀಲಿ,
ಆಮೇಲೆ ಅಕ್ಕಿ ತೊಳೆದ ನೀರು,
ಕೊನೆಗೆ ತಿಳಿಹಳದಿ ಗಂಧಕ, ಮೂಗಿಗೆ
ಈಗಷ್ಟೇ ಗೀರಿದ ಬೆಂಕಿಕಡ್ಡಿ.
ಕಾಟಿನ ಒಂದು ಕಾಲು ಮೊದಲು ಹೋಗುತ್ತದೆ,
ನಡುವಿನ ಗಂಟು ಕೊನೆಗೆ.
"ಇನ್ನೂ ಉಂಟು."
"ಎಲ್ಲುಂಟು? ಹೋಯ್ತಲ್ಲೆ!"
ಇದ್ದದ್ದು ಇಲ್ಲವಾಯಿತೆಂದು ಯಾವ ಕ್ಷಣಕ್ಕೆ ಸಹಿ ಹಾಕುವುದು,
ಪುಸ್ತಕ ಹೇಳುವುದಿಲ್ಲ.
ಮೂರು ಸಲ ಮಾಡಿ, ಸರಾಸರಿ ತೆಗೆಯಿರಿ ಅನ್ನುತ್ತೇನೆ.

ಅವತ್ತು ಅಫ್ರೀನಳ ಜೊತೆಗಾತಿಗೆ ಜ್ವರ.
"ದಾಮಣ್ಣ, ನೀವೇ ಕೂತ್ಕೊಳ್ಳಿ" ಎಂದೆ.
ದಾಮೋದರ ಬಾನಾವಳಿಕರ್, ಲ್ಯಾಬ್ ಅಟೆಂಡರ್.
ಅದಕ್ಕೂ ಮುಂಚೆ ಕಾಜುಬಾಗದ ಸ್ಟುಡಿಯೋದಲ್ಲಿ
ಕೆಂಪು ಬಲ್ಬಿನ ಕತ್ತಲೊಳಗೆ
ಊರ ಮದುವೆಗಳನ್ನೆಲ್ಲ ಇದೇ ಹೈಪೋದಲ್ಲಿ ಅದ್ದಿದವ.
ಅಲ್ಲಿ ಅದರ ಕೆಲಸ ಬೇರೆ ಇತ್ತು:
ಮೂಡಿದ ಮುಖ ಅಳಿಸದ ಹಾಗೆ ಹಿಡಿಯುವುದು.

ಸ್ಟೂಲಿನ ಮೇಲೆ ಬಗ್ಗಿ ಕೂತ, ಫೋಟೋಕ್ಕೆ ಕೂತವರ ಹಾಗೆ
ಎರಡೂ ಕೈ ತೊಡೆಯ ಮೇಲೆ.
"ಗೆಲೆಂ" ಅಂದ. ಹೋಯಿತು. ನಲವತ್ತೊಂದು.
ಅಫ್ರೀನ್ ಇಣುಕಿದಳು. "ಇನ್ನೂ ಉಂಟಲ್ಲ ದಾಮಣ್ಣ,
ಸರೀ ಕಾಣ್ತಾ ಉಂಟು."
ಅವಳದು ಹೋದದ್ದು ಐವತ್ತೆರಡಕ್ಕೆ.
ಮತ್ತೆ ಮಾಡಿದರು. ನಲವತ್ತು; ಅವಳದು ಐವತ್ತೆರಡು.
ಮತ್ತೆ. ನಲವತ್ತೊಂದು. ಐವತ್ತಮೂರು.

ಚೆಲ್ಲಾಪಿಲ್ಲಿ ಬಿದ್ದ ತಪ್ಪು ಕೈಯದು,
ಸಲಸಲವೂ ಒಂದೇ ಕಡೆ ಬಿದ್ದರೆ ಉಪಕರಣದ್ದು,
ಇದನ್ನೂ ನಾನೇ ಬರೆಸುತ್ತೇನೆ, ಪ್ರತಿ ಜುಲೈ.
ಬ್ಯೂರೆಟ್ಟು ನೋಡಿದೆ. ಥರ್ಮಾಮೀಟರು ನೋಡಿದೆ, ಇಪ್ಪತ್ತೊಂಬತ್ತು.
ಎಲ್ಲ ಸರಿ ಇತ್ತು.
ಆಮೇಲೆ ಉಳಿದ ಉಪಕರಣವನ್ನು ನೋಡಿದೆ.

ಮೊನ್ನೆ ಲೇಬಲ್ ಓದದೆ, ಬಾಟಲಿ ಮೂಸಿ ಗುರುತಿಸಿದ್ದು.
ಪಿಪೆಟ್ಟುಗಳನ್ನು ವರ್ಷಪೂರ್ತಿ
ಕಿಟಕಿಯ ಬೆಳಕಿಗೆ ಒಯ್ದು ಒಯ್ದು ತೊಳೆದದ್ದು.
ಬಸ್ ಸ್ಟ್ಯಾಂಡಿನಲ್ಲಿ, "ಇದು ಸದಾಶಿವಗಡದ್ದೇ ಅಲ್ವಾ ಮೇಡಂ"
ಎಂದು ಸುಮ್ಮನೆ ಮಾತಿಗೆಂಬಂತೆ ಕೇಳಿದ್ದು.
ಹನ್ನೊಂದು ಸೆಕೆಂಡಿನ ಮಂಜು,
ಫ್ಲಾಸ್ಕಿಗೆ ಆಸಿಡ್ ಬೀಳುವ ಮೊದಲೇ
ಬೇರೆಲ್ಲೋ ಕಟ್ಟಿಕೊಂಡದ್ದು.

ಅವನಿಗೆ ಗೊತ್ತಿತ್ತು. ಫ್ಲಾಸ್ಕು ಎತ್ತಿ ಸಿಂಕಿಗೆ ಸುರಿದ,
ಗಾಜಿಗೆ ಅಂಟಿದ ಗಂಧಕವನ್ನು
ಬ್ರಶ್ಶಿನ ತುದಿಯಿಂದ ತಡವಿ ಹುಡುಕಿ ಉಜ್ಜಿದ.
"ಹುಡುಗಿ ಕಣ್ಣು ಚಲೋ" ಅಂದ, ನನ್ನ ಕಡೆ ತಿರುಗದೆ.

ಅಫ್ರೀನ್ ರೆಕಾರ್ಡು ತೆರೆದಳು. ಎರಡು ಸಾಲು ಅಂಕಿ.
ಪೆನ್ನು ಗಾಳಿಯಲ್ಲೇ ಹಿಡಿದು,
"ದಾಮಣ್ಣನ ರೀಡಿಂಗಿಗೆ ಕಾಟು ಹಾಕಲಾ ಮೇಡಂ?"

ಬೇಡ ಎಂದೆ. ಇರಲಿ.
ವೇಗವೆಂದರೆ ಒಂದು ಭಾಗಿಸು ಕಾಲ;
ಕಾಲದ ಪಕ್ಕ, ನೋಡಿದವರ ಹೆಸರು ಬರೆ.

ಸಿವಿಲ್ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬರುವುದು ಗುರುವಾರ.
ಗುರುವಾರದ ಬ್ಯಾಚಿಗೆ ಪ್ರಾಕ್ಟಿಕಲ್ ಇಲ್ಲ ಎಂದು
ಬೋರ್ಡಿನ ಮೇಲೆ ಬರೆದೆ,
ಸುಣ್ಣದಕಡ್ಡಿ ಅಡ್ಡ ಹಿಡಿದು, ದಪ್ಪಕ್ಕೆ,
ಸಿಂಕಿನ ಹತ್ತಿರ ನಿಂತವರಿಗೂ ಕಾಣುವ ಹಾಗೆ.